ಗುರುತ್ವತರಂಗಗಳ ಪತ್ತೆ

ಭಾರಿ ದ್ರವ್ಯರಾಶಿಯ ಕಾಯಗಳು ಪರಸ್ಪರ ಸುತ್ತುವಾಗ ಅಥವಾ ಡಿಕ್ಕಿಯಾದಾಗ ದೇಶಕಾಲದಲ್ಲಿ ಎದ್ದು, ಬೆಳಕಿನ ವೇಗದಲ್ಲಿ ಹರಡುವ ಕಂಪನಗಳಿಗೆ ಗುರುತ್ವತರಂಗಗಳೆಂದು ಹೆಸರು. ಐನ್‌ಸ್ಟೈನ್ 1916ರಲ್ಲಿಯೇ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದಿಂದ ಇವುಗಳ ಇರವನ್ನು ಊಹಿಸಿದ್ದರೂ, ನೇರ ಪತ್ತೆ ಸಾಧ್ಯವಾದದ್ದು 2015ರ ಸೆಪ್ಟೆಂಬರ್ 14ರಂದು; ಅದಕ್ಕೂ ಮೊದಲು, 1974ರಲ್ಲಿ ಹಲ್ಸ್ ಮತ್ತು ಟೇಲರ್ ಗುರುತಿಸಿದ ಜೋಡಿ ನ್ಯೂಟ್ರಾನ್ ನಕ್ಷತ್ರಗಳ ಕಕ್ಷೆ ಕುಗ್ಗುತ್ತಿರುವುದು ಪರೋಕ್ಷ ಪುರಾವೆಯನ್ನಷ್ಟೇ ಒದಗಿಸಿತ್ತು.

ತರಂಗವು ಹಾದುಹೋಗುವಾಗ ತನ್ನ ಪಥಕ್ಕೆ ಅಡ್ಡಲಾಗಿ ಒಂದು ದಿಕ್ಕಿನ ಅಂತರವನ್ನು ಹಿಗ್ಗಿಸಿ, ಅದಕ್ಕೆ ಲಂಬವಾದ ದಿಕ್ಕಿನದನ್ನು ಕುಗ್ಗಿಸುತ್ತದೆ. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಲೈಗೋ ವೀಕ್ಷಣಾಲಯಗಳು ಅಳೆಯುವುದು ಈ ವ್ಯತ್ಯಾಸವನ್ನೇ. ಲೇಸರ್ ಕಿರಣವನ್ನು ಇಬ್ಭಾಗಿಸಿ, ಲಂಬಕೋನದಲ್ಲಿ ಕೂಡುವ ತಲಾ 4 ಕಿ.ಮೀ. ಉದ್ದದ ಎರಡು ನಿರ್ವಾತ ಕೊಳವೆಗಳಿಗೆ ಹಾಯಿಸಿ, ಕನ್ನಡಿಗಳ ನಡುವೆ ನೂರಾರು ಬಾರಿ ಪ್ರತಿಫಲಿಸಿದ ಬಳಿಕ ಮತ್ತೆ ಕೂಡಿಸಲಾಗುತ್ತದೆ. ಎರಡು ಕಿರಣಗಳು ಪರಸ್ಪರ ಬಹುಮಟ್ಟಿಗೆ ಅಳಿಸಿಹಾಕುವಂತೆ ಉಪಕರಣವನ್ನು ಹೊಂದಿಸಿರುವುದರಿಂದ, ಕೊಳವೆಯ ಉದ್ದ ಎಳ್ಳಷ್ಟು ಬದಲಾದರೂ ಹೊರಬರುವ ಬೆಳಕಿನ ಪ್ರಮಾಣ ಬದಲಾಗುತ್ತದೆ; ವ್ಯತಿಕರಣಮಾಪನವೆಂದರೆ ಇದೇ.

ಆದರೆ 2015ರ ಸಂಕೇತದಲ್ಲಿ ಉದ್ದದ ಬದಲಾವಣೆ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆಯಿತ್ತು. ಆದ್ದರಿಂದ ನಿಜವಾದ ಕಷ್ಟವಿರುವುದು ಅಳತೆಗಿಂತ ಹೆಚ್ಚಾಗಿ ಗದ್ದಲವನ್ನು ಅಡಗಿಸುವುದರಲ್ಲಿ. ನೆಲದ ಅದುರು ತಟ್ಟದಿರಲೆಂದು 40 ಕಿಲೋಗ್ರಾಂ ತೂಕದ ಪ್ರತಿಯೊಂದು ಸಿಲಿಕಾ ಕನ್ನಡಿಯನ್ನೂ ನಾಲ್ಕು ಹಂತದ ಲೋಲಕದ ಕೊನೆಯಲ್ಲಿ, ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಗಾಜಿನ ಎಳೆಗಳಿಂದ ತೂಗುಬಿಡಲಾಗಿದೆ. ಇಷ್ಟಾದರೂ ಒಂದೇ ಉಪಕರಣದ ಸಾಕ್ಷ್ಯವನ್ನು ನಂಬುವಂತಿಲ್ಲ. ಸುಮಾರು 3,000 ಕಿ.ಮೀ. ದೂರದ ಎರಡು ಕಡೆಗಳಲ್ಲಿಯೂ, ಸುಮಾರು 7 ಮಿಲಿಸೆಕೆಂಡುಗಳ ಅಂತರದಲ್ಲಿ, ಒಂದೇ ಆಕಾರದ ಸಂಕೇತ ದಾಖಲಾದದ್ದರಿಂದಲೇ ಅದಕ್ಕೆ ಮನ್ನಣೆ ದೊರೆಯಿತು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಗಳೆರಡು ವಿಲೀನಗೊಂಡು, ಮೂರು ಸೂರ್ಯರಷ್ಟು ದ್ರವ್ಯರಾಶಿ ತರಂಗಶಕ್ತಿಯಾಗಿ ಹೊರಬಿದ್ದಿತ್ತು.

ವಿಲೀನದ ನಂತರದ ಕಪ್ಪುಕುಳಿ, ಬಡಿದ ಗಂಟೆಯ ನಾದ ಅಡಗುವಂತೆ, ಕ್ಷೀಣಿಸುತ್ತ ಹೋಗುವ ಕಂಪನಗಳನ್ನು ಹೊಮ್ಮಿಸುತ್ತದೆಂದು 1970ರಲ್ಲಿ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ; 2015ರ ಸಂಕೇತದ ಕೊನೆಯ ಭಾಗ ಇದಕ್ಕೆ ಹೊಂದಿಕೆಯಾಯಿತು.

ತರಂಗ ಬಂದ ದಿಕ್ಕನ್ನು ನಿರ್ಧರಿಸಲು ಎರಡು ವೀಕ್ಷಣಾಲಯಗಳು ಸಾಲವು. ಇಟಲಿಯ ವರ್ಗೋ ಜೊತೆಗೂಡಿದ್ದರಿಂದ 2017ರ ಆಗಸ್ಟ್ 17ರ ನ್ಯೂಟ್ರಾನ್ ನಕ್ಷತ್ರಗಳ ವಿಲೀನವನ್ನು ದೂರದರ್ಶಕಗಳಿಂದಲೂ ಕಾಣಲು ಸಾಧ್ಯವಾಯಿತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೋ-ಇಂಡಿಯಾ ವೀಕ್ಷಣಾಲಯದ ನಿರ್ಮಾಣಕ್ಕೆ ಕೇಂದ್ರ ಸಚಿವ ಸಂಪುಟ 2023ರಲ್ಲಿ ಅನುಮೋದನೆ ನೀಡಿತು.