ರಾಯಚೂರು ಸೀಮೆಯ ಗುಡ್ಡಗಳು ಮತ್ತು ಹೊಳೆಗಳು

ಕರ್ನಾಟಕದ ಈಶಾನ್ಯ ಭಾಗದಲ್ಲಿ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇರುವ ಬಂಡೆಗುಡ್ಡಗಳ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಹಳೆಯ ಶಾಸನಗಳಲ್ಲಿ ಈ ಪ್ರದೇಶಕ್ಕೆ ಎಡೆದೊರೆ ನಾಡು ಎಂಬ ಹೆಸರಿದೆ. ಎರಡು ತೊರೆಗಳ ಎಡೆಯ ನೆಲ ಎಂದು ಅರ್ಥ. ಪಾರಸಿ ಬಲ್ಲವರು ಇದನ್ನೇ ದೋಆಬ್ ಎಂದರು. ಈ ಲೇಖನದಲ್ಲಿ ಮುಖ್ಯವಾಗಿ ರಾಯಚೂರು ನಗರ, ಕೃಷ್ಣೆಯ ದಡದ ದೇವದುರ್ಗ ಮತ್ತು ತುಂಗಭದ್ರೆಯ ಕಡೆಯ ಮಾನ್ವಿ, ಈ ಮೂರು ಊರುಗಳ ಸುತ್ತಲಿನ ನಿಸರ್ಗದ ಗುರುತುಗಳನ್ನೂ ಅಲ್ಲಿ ಜನ ನಡೆಸಿಕೊಂಡು ಬಂದ ಬಯಲ ಚಟುವಟಿಕೆಗಳನ್ನೂ ಹೇಳಿದೆ.

ಮಲೆನಾಡಿನ ಕಣ್ಣಿನಿಂದ ನೋಡಿದವರಿಗೆ ಇಲ್ಲಿ ಬೆಟ್ಟವೇ ಇಲ್ಲ ಎನಿಸಬಹುದು. ಕಾಡು ತೀರ ಕಡಿಮೆ. ಗುಡ್ಡಗಳು ಎತ್ತರಕ್ಕಿಂತ ಆಕಾರದಿಂದಲೇ ಗಮನ ಸೆಳೆಯುತ್ತವೆ. ಮಟ್ಟಸವಾದ ಎರೆ ಹೊಲದ ನಡುವೆ ಇದ್ದಕ್ಕಿದ್ದ ಹಾಗೆ ಎದ್ದು ನಿಂತ ಕಲ್ಲಿನ ರಾಶಿ, ಒಂದರ ಮೇಲೊಂದು ಇಟ್ಟಂತೆ ಕಾಣುವ ಗುಂಡುಗಳು, ಸಂದುಗಳಲ್ಲಿ ಸೀತಾಫಲದ ಗಿಡ, ತಳದಲ್ಲಿ ಜಾಲಿಯ ಪೊದೆ. ಇದು ಈ ಸೀಮೆಯ ಸಾಮಾನ್ಯ ನೋಟ. ಈ ಗುಂಡುಗಳನ್ನು ಯಾರೂ ಉರುಳಿಸಿ ತಂದದ್ದಲ್ಲ. ಇಲ್ಲಿನ ಗ್ರಾನೈಟು ಮತ್ತು ನೈಸ್ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ ಮತ್ತು ಅದಕ್ಕೂ ಮೀರಿದ ವಯಸ್ಸು. ಶಿಲೆ ನೆಲದೊಳಗಿದ್ದಾಗಲೇ ಅಡ್ಡ ಉದ್ದ ಬಿರುಕುಗಳು ಬಿಟ್ಟು, ಆ ಬಿರುಕಿನಲ್ಲಿ ನೀರಿಳಿದು, ಮೂಲೆಗಳು ಮೊದಲು ಕೊಳೆತು ಮಣ್ಣಾದವು. ಮೇಲಿನ ಮಣ್ಣು ಕಾಲಾಂತರದಲ್ಲಿ ಕೊಚ್ಚಿಹೋಗಿ, ಒಳಗಿದ್ದ ಗಟ್ಟಿ ತಿರುಳು ಗುಂಡಾಗಿ ಉಳಿಯಿತು. ಗ್ರಾನೈಟಿನ ನಡುವೆ ಅಲ್ಲಲ್ಲಿ ಕಪ್ಪು ಶಿಸ್ಟ್ ಶಿಲೆಯ ಪಟ್ಟಿಗಳು ಹಾದುಹೋಗಿವೆ. ಚಿನ್ನ ಸಿಗುವುದು ಈ ಪಟ್ಟಿಗಳಲ್ಲೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿ ಎಲ್ಲರಿಗೂ ಗೊತ್ತು. ದೇವದುರ್ಗ ತಾಲ್ಲೂಕಿನ ಊಟಿಯ ಚಿನ್ನದ ನಿಕ್ಷೇಪ ಅಷ್ಟು ಪ್ರಸಿದ್ಧವಲ್ಲ. ಊಟಿ ಎಂದೊಡನೆ ನೀಲಗಿರಿ ನೆನಪಾಗುವವರು ಇಲ್ಲಿನ ಬಿಸಿಲಿಗೆ ಒಮ್ಮೆ ಬಂದು ನೋಡಬೇಕು.

ರಾಯಚೂರು ನಗರದ ದೊಡ್ಡ ಗುರುತು ಕೋಟೆಯ ಗುಡ್ಡ. ಸುಮಾರು 290 ಅಡಿ ಎತ್ತರದ ಈ ಬಂಡೆಯ ನೆತ್ತಿಗೆ ಬಾಲಾ ಹಿಸಾರ್ ಎನ್ನುತ್ತಾರೆ. ಮೇಲೆ ಒಂದು ಉದ್ದನೆಯ ತೋಪು, ದರ್ಗಾ, ಪಾಳುಗೋಡೆಗಳು ಇವೆ. ಬೆಳಗಿನ ಹೊತ್ತು ಹತ್ತುವುದು ಕಷ್ಟವೇನಲ್ಲ. ನಗರದ ಮನೆಗಳು, ಕೆಳಗಿನ ಆಮ್ ತಲಾಬ್, ದೂರದ ಗುಡ್ಡಸಾಲು ಎಲ್ಲ ಕಾಣುತ್ತವೆ. ಬೇಸಿಗೆಯಲ್ಲಿ ಮಾತ್ರ ಹತ್ತು ಗಂಟೆಯ ಮೇಲೆ ಬಂಡೆಯ ಮೇಲೆ ಕಾಲಿಡಲಾಗದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸುದ್ದಿಯೇ ಅಲ್ಲ.

ಗುಡ್ಡಕ್ಕಿಂತ ಸ್ವಾರಸ್ಯದ ವಸ್ತು ಅದರ ಬುಡದಲ್ಲಿದೆ. ಒಳಕೋಟೆಯ ಪಶ್ಚಿಮ ಭಾಗದ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲನ್ನು ಕೂರಿಸಲಾಗಿದೆ. ಕಾಕತೀಯ ರಾಣಿ ರುದ್ರಮದೇವಿಯ ಕಡೆಯ ಗೋರೆ ಗನ್ನಯ ರೆಡ್ಡಿ 1294ರಲ್ಲಿ ಈ ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ಶಾಸನ ತಿಳಿಸುತ್ತದೆ. ಆ ಕಲ್ಲನ್ನು ತಂದ ಬಗೆಯನ್ನೂ ಅದೇ ಗೋಡೆಯಲ್ಲಿ ಕೊರೆದಿದ್ದಾರೆ: ಗಟ್ಟಿಗಾಲಿಯ ಬಂಡಿ, ಅದನ್ನು ಎಳೆಯುವ ಕೋಣಗಳ ಉದ್ದನೆಯ ಸಾಲು, ಕೂಗಿ ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಹಾರೆ ಕೊಟ್ಟು ನೂಕುವವರು. ಕೋಟೆ ಕಟ್ಟಿಸಿದವನ ಹೆಸರು ಹೇಳುವ ಶಾಸನಗಳು ನಾಡಿನಲ್ಲಿ ಬೇಕಾದಷ್ಟಿವೆ. ಕಲ್ಲು ಎಳೆದವರ ಚಿತ್ರ ಉಳಿಸಿದವು ಅಪರೂಪ.

ಈ ಚಿತ್ರದ ಮುಂದುವರಿಕೆ ಎನ್ನಬಹುದಾದ ಆಟ ಇಂದಿಗೂ ರಾಯಚೂರಿನಲ್ಲಿ ನಡೆಯುತ್ತದೆ. ಕಾರಹುಣ್ಣಿಮೆಯ ಹೊತ್ತಿಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಪಂದ್ಯ ಮುಖ್ಯವಾದದ್ದು. ಟನ್ನುಗಟ್ಟಲೆ ತೂಕದ ಉದ್ದನೆಯ ಕಲ್ಲಿಗೆ ಹಗ್ಗ ಬಿಗಿದು ಜೋಡೆತ್ತುಗಳನ್ನು ಹೂಡುತ್ತಾರೆ. ನಿಗದಿತ ಸಮಯದೊಳಗೆ ಹೆಚ್ಚು ದೂರ ಎಳೆದ ಜೋಡಿಗೆ ಬಹುಮಾನ. ಆಂಧ್ರ, ತೆಲಂಗಾಣಗಳಿಂದಲೂ ಎತ್ತುಗಳು ಬರುತ್ತವೆ. ಹೊಲದ ಕೆಲಸವನ್ನೆಲ್ಲ ಟ್ರ್ಯಾಕ್ಟರ್ ಹಿಡಿದಿರುವಾಗ ಬರೀ ಪಂದ್ಯಕ್ಕೆಂದೇ ಎತ್ತು ಸಾಕುವ ರೈತರು ಇದ್ದಾರೆ. ಕುಸ್ತಿ, ಗುಂಡು ಎತ್ತುವ ಸ್ಪರ್ಧೆಗಳೂ ಇದೇ ಹಬ್ಬದ ಭಾಗ. ಕೋಟೆಯ ಗೋಡೆಯ ಮೇಲಿರುವವು ಕೋಣ, ಇಲ್ಲಿಯವು ಎತ್ತು. ಎರಡಕ್ಕೂ ನೇರ ಸಂಬಂಧ ಹೇಳುವ ಯಾವ ಶಾಸನವೂ ಇಲ್ಲ. ಆದರೂ ಎರಡನ್ನೂ ಒಂದೇ ದಿನ ನೋಡಿದವರಿಗೆ ಬೇರೆ ಬೇರೆ ಎನಿಸಲಾರದು.

ನಗರದ ದಕ್ಷಿಣಕ್ಕೆ ಮಲಿಯಾಬಾದಿನ ಗುಡ್ಡವೂ ಹಾಳು ಕೋಟೆಯೂ ಇವೆ. ಒಂದೊಂದೇ ಕಲ್ಲಿನಲ್ಲಿ ಕಡೆದ ಎರಡು ಆನೆಗಳು ಇಲ್ಲಿನ ಹೆಗ್ಗುರುತು. ರಾಯಚೂರಿನವರು ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಬಹುದಾದ ಹತ್ತಿರದ ಜಾಗ ಇದು. ಇನ್ನೂ ದಕ್ಷಿಣಕ್ಕೆ, ತುಂಗಭದ್ರೆಗೆ ಸಮೀಪದಲ್ಲಿ, ಗಾಣಧಾಳದ ಪಂಚಮುಖಿ ಆಂಜನೇಯನ ಬೆಟ್ಟ. ರಾಘವೇಂದ್ರ ಸ್ವಾಮಿಗಳು ಹನ್ನೆರಡು ವರ್ಷ ತಪಸ್ಸು ಮಾಡಿದರೆಂದು ನಂಬುವ ಗುಹೆ ಇಲ್ಲಿದೆ. ಸುತ್ತಲಿನ ಬಂಡೆಗಳನ್ನು ಭಕ್ತರು ಹಾಸಿಗೆ, ದಿಂಬು, ಪುಷ್ಪಕ ವಿಮಾನ ಎಂದು ಗುರುತಿಸುತ್ತಾರೆ. ಮೇಲೆ ಹೇಳಿದ ಬಿರುಕು ಮತ್ತು ನೀರಿನ ಕೆಲಸ ಎಷ್ಟು ವಿಚಿತ್ರ ಆಕಾರಗಳನ್ನು ಕೊಡಬಲ್ಲದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸ್ಥಳ ಈ ಜಿಲ್ಲೆಯಲ್ಲಿಲ್ಲ. ಮಂತ್ರಾಲಯಕ್ಕೆ ಹೋದವರು ಪಂಚಮುಖಿಯನ್ನೂ ನದಿದಂಡೆಯ ಬಿಚ್ಚಾಲಿಯನ್ನೂ ಸೇರಿಸಿ ನೋಡುವುದು ವಾಡಿಕೆ. ಬಿಚ್ಚಾಲಿ ರಾಘವೇಂದ್ರ ಸ್ವಾಮಿಗಳ ಶಿಷ್ಯ ಅಪ್ಪಣಾಚಾರ್ಯರ ಊರು. ಜಪದ ಕಟ್ಟೆಯ ಮುಂದೆಯೇ ಹೊಳೆ ಹರಿಯುತ್ತದೆ.

ದೇವದುರ್ಗದ ಹೆಸರಿನಲ್ಲೇ ದುರ್ಗವಿದೆ. ಸುತ್ತಲೂ ಗುಡ್ಡಗಳಿರುವ ಈ ಊರು ಒಂದು ಕಾಲಕ್ಕೆ ಬೇಡ ನಾಯಕರ ಗಟ್ಟಿ ನೆಲೆಯಾಗಿತ್ತು. ಆದರೆ ತಾಲ್ಲೂಕಿನ ಜೀವ ಇರುವುದು ಕೃಷ್ಣೆಯ ದಡದಲ್ಲಿ. ತಿಂಥಣಿ ಸೇತುವೆಯಿಂದ ಕೆಳಕ್ಕೆ ಹೂವಿನಹೆಡಗಿ, ಕೊಪ್ಪರ, ಗೂಗಲ್ ಹೀಗೆ ಹೊಳೆಯ ಊರುಗಳು ಸಾಲಾಗಿ ಸಿಗುತ್ತವೆ. ಕೊಪ್ಪರದಲ್ಲಿ ಅಶ್ವತ್ಥ ಮರದೊಡನೆ ಸೇರಿದ ನರಸಿಂಹನ ಗುಡಿ, ಗೂಗಲ್‌ನಲ್ಲಿ ಅಲ್ಲಮಪ್ರಭುವಿನ ಗುಡಿ. ಗೂಗಲ್‌ನಲ್ಲಿ ಹೊಳೆಗೆ ಅಡ್ಡಲಾಗಿ ಸೇತುವೆ ಸಹಿತ ಬ್ಯಾರೇಜ್ ಕಟ್ಟಿದ್ದಾರೆ. ಹೊಳೆ ಇಲ್ಲಿ ಮರಳಿನ ಮೇಲೆ ಮಾತ್ರ ಹರಿಯುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಪಾತ್ರದ ಬಂಡೆಗಳು, ಗುಂಡಿಗಳು, ನುಣುಪಾದ ಕಲ್ಲುಹಾಸುಗಳು ಹೊರಬೀಳುತ್ತವೆ. ಇರುವ ಮರಳಿಗೂ ಈಗ ಉಳಿಗಾಲವಿಲ್ಲ. ಅಕ್ರಮ ಮರಳು ಸಾಗಣೆ ದೇವದುರ್ಗದ ಹಳೆಯ ರೋಗ, ದಡ ಕುಸಿಯುವುದಕ್ಕೂ ಈಜಲು ಇಳಿದವರು ಕಾಣದ ಗುಂಡಿಗೆ ಬೀಳುವುದಕ್ಕೂ ಅದೇ ಕಾರಣ.

ತಾಲ್ಲೂಕಿನ ಗಬ್ಬೂರು ಹಳೆಯ ಗುಡಿಗಳ ಊರು. 1520ರ ಮೇ 19ರಂದು ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ರಾಯಚೂರು ಯುದ್ಧದ ನಿಜವಾದ ಕಣ ಕೋಟೆಯ ಮುಂದಲ್ಲ, ವಾಯವ್ಯಕ್ಕೆ ಈ ಕಡೆಯ ಬಯಲು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಸೋತು ಹಿಮ್ಮೆಟ್ಟಿದ ಬಿಜಾಪುರದ ಸೈನಿಕರಲ್ಲಿ ಅನೇಕರು ಕೃಷ್ಣೆ ದಾಟುವಾಗ ಮುಳುಗಿ ಸತ್ತರೆಂದು ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜ್ ಬರೆದಿದ್ದಾನೆ. ಈ ಸೀಮೆಯಲ್ಲಿ ಹೊಳೆ ಎಂದೂ ಬರೀ ನೋಟದ ವಸ್ತುವಾಗಿರಲಿಲ್ಲ.

ಕೃಷ್ಣೆ ಮುಂದೆ ರಾಯಚೂರು ತಾಲ್ಲೂಕಿಗೆ ಬಂದಾಗ ಕಾಡ್ಲೂರಿನ ಬಳಿ ಭೀಮಾ ನದಿ ಅದನ್ನು ಕೂಡುತ್ತದೆ. ಅಲ್ಲಿಗೆ ಹತ್ತಿರದ ದೇವಸೂಗೂರಿನಲ್ಲಿ ಸೂಗೂರೇಶ್ವರನ ಗುಡಿ, ಪಕ್ಕದ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಾಖೋತ್ಪನ್ನ ಕೇಂದ್ರ, ನಿಜಾಮರ ಕಾಲದ ಕಮಾನು ಸೇತುವೆ ಒಂದೇ ನೋಟಕ್ಕೆ ಸಿಗುತ್ತವೆ. ಸೇತುವೆಯ ಹೆಸರು ಸಿರಾತ್-ಎ-ಜೂದಿ. ಸೂರ್ಯ ಮುಳುಗುವಾಗ ಈ ಕಮಾನುಗಳನ್ನು ನೋಡಬೇಕು. ಹೊಗೆಕೊಳವೆಗಳು ಚಿತ್ರಕ್ಕೆ ಬರದ ಹಾಗೆ ಫೋಟೊ ತೆಗೆಯುವುದು ಮಾತ್ರ ಕಷ್ಟ.

ಇಲ್ಲಿಂದ ಕೆಳಗೆ ಕೃಷ್ಣೆ ಸೀಳಿ ಹರಿಯುವುದರಿಂದ ನಡುಗಡ್ಡೆಗಳು ಉಂಟಾಗಿವೆ. ಕುರ್ವಕಲಾ, ಕುರ್ವಕುರ್ದಾಗಳಲ್ಲಿ ಜನವಸತಿ ಇದೆ. ನಾರದಗಡ್ಡೆ ಹಾಗೂ ಕುರವಪುರಗಳು ಯಾತ್ರಾಸ್ಥಳಗಳು. ದತ್ತಾತ್ರೇಯನ ಅವತಾರವೆಂದು ಭಕ್ತರು ಆರಾಧಿಸುವ ಶ್ರೀಪಾದ ಶ್ರೀವಲ್ಲಭರು ನೆಲೆಸಿದ್ದ ಕುರವಪುರಕ್ಕೆ ಮಹಾರಾಷ್ಟ್ರದಿಂದ ಬರುವವರೇ ಹೆಚ್ಚು. ರಾಯಚೂರಿನ ಕಡೆಯಿಂದ ಹೋಗುವವರು ಆತ್ಕೂರಿನ ದಡಕ್ಕೆ ಬಂದು ತೆಪ್ಪ ಹತ್ತುತ್ತಾರೆ. ಬಿದಿರ ಹೆಣಿಗೆಯ ದುಂಡನೆಯ ಹರಿಗೋಲು ಈ ಹೊಳೆಯ ಹಳೆಯ ವಾಹನ. ಅದರಲ್ಲಿ ಕೂತು, ಹುಟ್ಟು ಹಾಕುವವನು ಹೇಳಿದ ಕಡೆ ಭಾರ ಸರಿಸಿ, ಸುತ್ತುತ್ತಾ ಸುತ್ತುತ್ತಾ ಆಚೆ ದಡ ಸೇರುವುದು ಹೊರಗಿನವರಿಗೆ ಮೋಜು. ನಡುಗಡ್ಡೆಯ ಊರವರಿಗೆ ಅದೇ ದಿನದ ದಾರಿ: ಶಾಲೆಗೆ, ಸಂತೆಗೆ, ಹೆರಿಗೆಗೆ. ಸೇತುವೆ ಬೇಕೆಂಬ ಅವರ ಬೇಡಿಕೆ ಇಂದು ನಿನ್ನೆಯದಲ್ಲ.

ಮಾನ್ವಿಯ ಚಿತ್ರ ಬೇರೆ. ಊರಿಗೆ ತಾಗಿದ ಗುಡ್ಡದ ಮೇಲೆ ಪಾಳುಬಿದ್ದ ಕೋಟೆ ಇದೆ; ಸಮೀಪದ ನೀರಮಾನ್ವಿಯಲ್ಲಿ ಎಲ್ಲಮ್ಮನ ಬೆಟ್ಟ, ಜಾತ್ರೆಗೆ ಸುತ್ತಲಿನ ಊರುಗಳೆಲ್ಲ ಸೇರುತ್ತವೆ. ಇಂಥ ಗುಡ್ಡಗಳಲ್ಲಿ ಚಿರತೆ ಕಾಣಿಸಿಕೊಂಡ ಸುದ್ದಿ ಆಗಾಗ ಬರುತ್ತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗುಡ್ಡಗಳ ನಡುವಿನ ಬಯಲು ಭತ್ತದ ಗದ್ದೆಯಾಗಿದೆ. ಕೆಂಪು ಬಂಡೆಯ ಬುಡದವರೆಗೂ ಹಸಿರು ಹಬ್ಬಿದ ಈ ನೋಟ ಐವತ್ತರ ದಶಕಕ್ಕೆ ಮೊದಲು ಇರಲಿಲ್ಲ. ಗದ್ದೆ ಬಂದ ಹಾಗೆ ಕೊಕ್ಕರೆಗಳೂ ನೀರುಹಕ್ಕಿಗಳೂ ಬಂದವು. ಚಳಿಗಾಲದಲ್ಲಿ ಹಕ್ಕಿ ನೋಡುವವರಿಗೆ ಕಾಲುವೆಯ ಏರಿಯೇ ಸಾಕು, ಬೇರೆ ಅಭಯಾರಣ್ಯ ಬೇಡ.

ಮಾನ್ವಿ ಸೀಮೆಯ ತುಂಗಭದ್ರೆಯ ದಡದಲ್ಲಿ ಚೀಕಲಪರ್ವಿ ಇದೆ. ಹರಿದಾಸ ವಿಜಯದಾಸರು (1682–1755) ಹುಟ್ಟಿದ್ದು ಇಲ್ಲಿ. ಅವರ ಶಿಷ್ಯ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ, ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು (1728–1809) ಬ್ಯಾಗವಟ್‌ನಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಮೂರು ತಲೆಮಾರಿನ ಗುರುಶಿಷ್ಯರು ಎರಡು ಹೊಳೆಗಳ ನಡುವಿನ ಇಷ್ಟೇ ನೆಲದಿಂದ ಬಂದದ್ದು ನಕಾಶೆ ಹಿಡಿದು ನೋಡಿದಾಗಲೇ ಮನಸ್ಸಿಗೆ ತಟ್ಟುತ್ತದೆ. ಈ ಊರುಗಳನ್ನು ಜೋಡಿಸಿ ದಾಸಸಾಹಿತ್ಯದ ಕಾಲ್ನಡಿಗೆಯ ದಾರಿಯೊಂದನ್ನು ಯಾರೂ ಇದುವರೆಗೆ ಗಟ್ಟಿಯಾಗಿ ರೂಪಿಸದಿರುವುದು ಈ ಜಿಲ್ಲೆಯ ಪ್ರವಾಸೋದ್ಯಮದ ದೊಡ್ಡ ಕೊರತೆ.

ತುಂಗಭದ್ರೆಗೆ ಅಡ್ಡ ಕಟ್ಟಿದ ರಾಜೋಳಿಬಂಡಾ ಅಣೆಕಟ್ಟು ಕೂಡ ಇದೇ ಸೀಮೆಯದು. ಹೊಳೆ ತುಂಬಿ ಕಟ್ಟೆಯ ಮೇಲೆ ಹರಿಯುವಾಗ ನೋಡಲು ಜನ ಸೇರುತ್ತಾರೆ. ಯೋಜನೆಯ ಒಟ್ಟು 17.1 ಟಿಎಂಸಿ ಅಡಿ ನೀರಿನಲ್ಲಿ ಕರ್ನಾಟಕದ ಪಾಲು 1.2. ಉಳಿದದ್ದು ಕಾಲುವೆ ಹಿಡಿದು ಇಂದಿನ ತೆಲಂಗಾಣಕ್ಕೆ ಹೋಗುತ್ತದೆ.

ಬಯಲ ಚಟುವಟಿಕೆಗಳಲ್ಲಿ ಎಲ್ಲರ ಮನೆಗೂ ಸೇರಿದ್ದು ಎಳ್ಳಮಾವಾಸ್ಯೆ. ಆ ದಿನ ಸಜ್ಜೆ ರೊಟ್ಟಿ, ಜೋಳದ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಬನ್ನಿ ಮರದ ಕೆಳಗೋ ಬೇವಿನ ಕೆಳಗೋ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ಹೊಳೆಯ ಕಡೆಯ ದೊಡ್ಡ ಕೂಟವೆಂದರೆ ಹನ್ನೆರಡು ವರ್ಷಕ್ಕೊಮ್ಮೆ ಬರುವ ಪುಷ್ಕರ. ಕೃಷ್ಣೆಗೆ 2016ರಲ್ಲಿ, ತುಂಗಭದ್ರೆಗೆ 2020ರಲ್ಲಿ ಆಯಿತು.

ತಿರುಗಾಟಕ್ಕೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಗುಡ್ಡಗಳು ಹಸಿರಾಗುತ್ತವೆ, ಆದರೆ ಹೊಳೆಯನ್ನು ನಂಬುವ ಹಾಗಿಲ್ಲ. ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆಗೆ ಕೃಷ್ಣೆ ಉಕ್ಕುತ್ತಾಳೆ. ನಾರಾಯಣಪುರದ ಬಸವಸಾಗರ ಜಲಾಶಯದ ಗೇಟುಗಳನ್ನು ಎತ್ತಿದರೆ ದೇವದುರ್ಗದಿಂದ ಶಹಾಪುರಕ್ಕೆ ಹೋಗುವ ಹೂವಿನಹೆಡಗಿ ಸೇತುವೆ ಮುಳುಗಿ ದಾರಿ ನಿಲ್ಲುತ್ತದೆ, ಕೊಪ್ಪರದ ಗುಡಿಯನ್ನು ನೀರು ಸುತ್ತುತ್ತದೆ, ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. 2009ರ ಅಕ್ಟೋಬರಿನ ನೆರೆಯಲ್ಲಿ ಎರಡೂ ಹೊಳೆಗಳು ಒಟ್ಟಿಗೆ ಏರಿ ದಂಡೆಯ ಎಷ್ಟೋ ಊರುಗಳನ್ನು ಬೇರೆ ಕಡೆಗೆ ಎಬ್ಬಿಸಬೇಕಾಯಿತು. ನೀರು ಇಳಿದ ಮೇಲೂ ಕೃಷ್ಣೆಯಲ್ಲಿ ಮೊಸಳೆಗಳಿವೆ. ಸ್ನಾನಕ್ಕೆ ಇಳಿಯುವವರು, ದನ ಮೈತೊಳೆಯುವವರು ಊರವರು ತೋರಿಸಿದ ಕಡೆ ಬಿಟ್ಟು ಬೇರೆಲ್ಲಿಯೂ ನೀರಿಗೆ ಕಾಲಿಡಬಾರದು, ತೆಪ್ಪದವನು ಇವತ್ತು ಬೇಡ ಎಂದರೆ ವಾದಿಸದೆ ಹಿಂದಿರುಗಬೇಕು.