ಮದ್ದಗಿರಿ ಬೆಟ್ಟದ ಮೇಲೆ ನಮ್ಮ ಕಡೆ ರಾಣಿ

ಮದುವೆಯಾಗಿ ಹೊಸನಗರದ ಕಡೆಯಿಂದ ಮಧುಗಿರಿಗೆ ಬಂದಾಗ ನಂಗೆ ಮೊದಲು ಕಣ್ಣಿಗೆ ಬಿದ್ದಿದ್ದೇ ಈ ಬೆಟ್ಟ. ನಮ್ಮ ಕಡೆ ಗುಡ್ಡ ಅಂದ್ರೆ ಒಂದರ ಬೆನ್ನಿಗೆ ಇನ್ನೊಂದು, ಮೈತುಂಬಾ ಕಾಡು. ಇಲ್ಲಿ ನೋಡಿದ್ರೆ ಬಯಲಲ್ಲಿ ಬೋಳುಬಂಡೆ, ಯಾರೋ ತಂದು ಇಟ್ಟುಹೋದಂಗೆ. ಈ ಸೀಮೇಲಿ ಹಂಗೇ. ಮಿಡಿಗೇಶಿ, ಚನ್ನರಾಯನದುರ್ಗ ಎಲ್ಲಾ ಹಿಂಗೇ ಬಿಡಿಬಿಡಿಯಾಗಿ ನಿಂತಿರೋ ಬೆಟ್ಟಗಳು.

ಯಾರೂ ತಂದಿಟ್ಟಿದ್ದಲ್ಲ ಅಂತ ಮಗನ ಕಾಲೇಜು ಪುಸ್ತಕ ಓದಿದ ಮೇಲೆ ಗೊತ್ತಾಯ್ತು. ಇದು ಸುಮಾರು 250 ಕೋಟಿ ವರ್ಷದ ಗ್ರಾನೈಟು. ನೆಲದೊಳಗೇ ಹುಟ್ಟಿದ್ದು. ಬಿರುಕು ಜಾಸ್ತಿ ಇದ್ದ ಕಡೆ ನೀರು ಇಳಿದು, ಕಲ್ಲು ಕೊಳೆತು ಮಣ್ಣಾಗಿ, ಮಳೇಲಿ ಕೊಚ್ಚಿಹೋಯ್ತು. ಬಿರುಕು ಕಮ್ಮಿ ಇದ್ದ ಬಂಡೆಗೆ ನೀರು ಏನೂ ಮಾಡಕ್ಕಾಗಲಿಲ್ಲ, ಅದು ನಿಂತೇಬಿಡ್ತು. ಬೆಟ್ಟ ಮೇಲೆದ್ದಿದ್ದಲ್ಲ ಕಣ್ರೇ, ಸುತ್ತಲ ನೆಲಾನೇ ಕೆಳಗಿಳಿದಿದ್ದು.

ಬಿರುಕಿಲ್ಲದ ಬಂಡೆ ಅಂದ್ರೆ ಹತ್ತೋನ ಕಾಲಿಗೂ ಆಸರೆ ಸಿಗಲ್ಲ. ಮೇಲೆ ನಿಂತೋನಿಗೆ ಮಾತ್ರ ಹರದಾರಿ ದೂರದ ದಂಡೂ ಕಾಣುತ್ತೆ. ಹಂಗಾಗೇ ಇಲ್ಲಿನ ಪಾಳೇಗಾರ ರಾಜಾ ಹಿರೇಗೌಡ ಮಣ್ಣಿನ ಕೋಟೆ ಕಟ್ಟಿಸಿದ. ಆಮೇಲೆ ಅದು ಮೈಸೂರಿನವರ ಕೈಗೆ ಬಂತು, ಹೈದರಾಲಿ ಕಾಲಕ್ಕೆ ಕಲ್ಲಿನ ಕೋಟೆ ಆಯ್ತು. ಬಂಡೆ ತಗ್ಗಲ್ಲಿ ನಿಲ್ಲೋ ಮಳೆನೀರೇ ಮೇಲಿದ್ದೋರಿಗೆ ಕುಡಿಯಕ್ಕೆ.

ಒಳಗೆ ಬರೋರನ್ನ ತಡೆಯೋ ಕಲ್ಲು ಹೊರಗೆ ಹೋಗೋರನ್ನೂ ತಡೆಯುತ್ತೆ. 1763ರಲ್ಲಿ ಹೈದರ ಬಿದನೂರು ಗೆದ್ದ. ಬಿದನೂರು ಅಂದ್ರೆ ನಮ್ಮ ತವರಿನ ಪಕ್ಕದ ನಗರ, ಕೆಳದಿ ಅರಸರ ರಾಜಧಾನಿ. ಆಗ ಆಳ್ತಿದ್ದೋಳು ರಾಣಿ ವೀರಮ್ಮಾಜಿ. ಅವಳನ್ನೂ ಅವಳ ದತ್ತುಮಗನನ್ನೂ ಹಿಡಿದು ಈ ಬೆಟ್ಟದ ಮೇಲೆ ಸೆರೆ ಇಟ್ಟ. ಅವಳ ನಡತೆ ಬಗ್ಗೆ ಬರೆದೋರು ಏನೇನೋ ಬರೆದಿದ್ದಾರೆ. ಗಂಡ ಸತ್ತ ಹೆಂಗಸು ರಾಜ್ಯ ಆಳಿದ್ರೆ ಊರಿನ ಬಾಯಿ ಸುಮ್ಮನಿರುತ್ತಾ? ನಾನಂತೂ ಅದನ್ನ ನಂಬಲ್ಲ.

ಹಗಲಲ್ಲಿ ಬಂಡೆ ಕಾದು ಹೆಂಚಾಗುತ್ತೆ. ವರ್ಷದಲ್ಲಿ ಅರ್ಧ ದಿನ ಮಳೆ ನೋಡಿ ಬೆಳೆದ ಜೀವ, ಇಲ್ಲಿ ಸುಮಾರು ನಾಲ್ಕು ವರ್ಷ ಹೆಂಗೆ ಕಳೆದ್ಲೋ. ನಂಗೇ ಮೊದಲನೇ ಬೇಸಿಗೇಲಿ ತವರಿನ ನೆನಪಾಗಿ ಅಳು ಬರ್ತಿತ್ತು, ನಾನು ಸೆರೇಲೇನೂ ಇರಲಿಲ್ಲ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದು ಅವಳನ್ನ ಬಿಡಿಸಿದ. ಪುಣೆಗೆ ಕರ್ಕೊಂಡು ಹೋಗ್ತಿದ್ರು, ದಾರೀಲೇ ತೀರಿಕೊಂಡ್ಲು. ಬಿದನೂರಿಗೆ ವಾಪಸ್ಸು ಬರಲೇ ಇಲ್ಲ.

ಹೋದ ಕಾರ್ತಿಕದಲ್ಲಿ ಬೆಳಗಿನ ಜಾವ ನಮ್ಮನೆಯವರ ಜೊತೆ ಹತ್ತಿದೆ. ಮಂಡಿನೋವು, ಅರ್ಧಕ್ಕೇ ಕೂತೆ. ಪಡುವಣಕ್ಕೆ ತಿರುಗಿ ನೋಡಿದ್ರೆ ಹೊಲ, ಕೆರೆ, ದೂರದಲ್ಲಿ ಇಂಥವೇ ಇನ್ನೊಂದೆರಡು ಬಂಡೆ. ನಮ್ಮ ಕಡೆಯ ಗುಡ್ಡ ಒಂದೂ ಕಾಣಲ್ಲ.