‘ಪೆಟಾರ್ಡ್’ ಎಂಬ ಆಂಗ್ಲ ನುಡಿಗಟ್ಟಿನ ವಿಚಾರ

ಪರರ ಕೇಡಿಗಾಗಿ ಹೂಡಿದ ಉಪಾಯವು ಹೂಡಿದವನನ್ನೇ ಕೆಡಿಸಿದಾಗ ಆಂಗ್ಲರು ‘ಹಾಯ್ಸ್ಟ್ ವಿತ್ ಹಿಸ್ ಓನ್ ಪೆಟಾರ್ಡ್’ ಎಂಬ ನುಡಿಯನ್ನು ಪ್ರಯೋಗಿಸುವರು. ಪೆಟಾರ್ಡೆಂದರೆ ಹಗ್ಗವೋ ಶೂಲವೋ ಇರಬೇಕೆಂದೂ, ಗಲ್ಲಿಗೇರುವುದೇ ಈ ನುಡಿಯ ಅಭಿಪ್ರಾಯವೆಂದೂ ಕೆಲವರು ಭಾವಿಸುವುದುಂಟು. ಅದು ಸಾಧುವಲ್ಲ.

ಪೆಟಾರ್ಡು 16ನೆಯ ಶತಮಾನದ ಯೂರೋಪಿನಲ್ಲಿ ಬಳಕೆಗೆ ಬಂದ ಯುದ್ಧೋಪಕರಣ. ಗಂಟೆಯಾಕಾರದ ಲೋಹಪಾತ್ರೆಯಲ್ಲಿ ಮದ್ದನ್ನು ತುಂಬಿ, ಅದರ ಬಾಯನ್ನು ದಪ್ಪ ಹಲಗೆಗೆ ಬಿಗಿದು, ಕೋಟೆಯ ಬಾಗಿಲಿಗೆ ತಗುಲಿಸಿ ಬತ್ತಿಗೆ ಕಿಚ್ಚಿಡುತ್ತಿದ್ದರು. 1580ರಲ್ಲಿ ನವಾರದ ಹೆನ್ರಿಯು ಫ್ರಾನ್ಸಿನ ಕಾವೋರ್ ಪಟ್ಟಣವನ್ನು ಹಿಡಿದುದು ಈ ಸಾಧನದಿಂದಲೇ. ಮದ್ದು ಅಕಾಲದಲ್ಲಿ ಸಿಡಿದರೆ ಕಿಚ್ಚಿಟ್ಟವನೇ ಮೇಲಕ್ಕೆಸೆಯಲ್ಪಡುವನು. ‘ಹಾಯ್ಸ್ಟ್’ ಎಂಬುದು ಎತ್ತುವುದೆಂಬರ್ಥದ ‘ಹಾಯ್ಸ್’ ಎಂಬ ಹಳೆಯ ಕ್ರಿಯಾಪದದ ಭೂತಕೃದಂತ.

ಪೆಟಾರ್ಡ್ ಶಬ್ದವು ಫ್ರೆಂಚಿನಿಂದ ಬಂದುದು. ಅದರ ಮೂಲವು ಲ್ಯಾಟಿನ್ನಿನ ‘ಪೇದೆರೆ’, ಎಂದರೆ ಅಪಾನವಾಯುವನ್ನು ಬಿಡುವುದು. ಪಾಣಿನೀಯ ಧಾತುಪಾಠದ ‘ಪರ್ದ್’ ಧಾತುವೂ ಈ ಅರ್ಥದ್ದೇ. ಆದರೆ ಇಂತಹ ಸಾಮ್ಯಮಾತ್ರದಿಂದ ಏಕಮೂಲವನ್ನು ಕಲ್ಪಿಸಲಾಗದು. ಗ್ರೀಕಿನ ‘ಪೆರ್ದೊಮೈ’ ಪರ್ದ್ ಧಾತುವಿನ ಸೋದರ. ಲ್ಯಾಟಿನ್ ಶಬ್ದದ ಮೂಲವು ಬೇರೆಯೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು.

ಈ ನುಡಿಯು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದ ನಾಲ್ಕನೆಯ ದೃಶ್ಯದಿಂದ ಪ್ರಸಿದ್ಧವಾಯಿತು. 1603ರ ಮೊದಲನೆಯ ಕ್ವಾರ್ಟೋ ಪ್ರತಿಯಲ್ಲಾಗಲಿ 1623ರ ಫೋಲಿಯೋ ಪ್ರತಿಯಲ್ಲಾಗಲಿ ಆ ಪಂಕ್ತಿಗಳಿಲ್ಲ. 1604–05ರ ಎರಡನೆಯ ಕ್ವಾರ್ಟೋ ಉಳಿಯದಿದ್ದರೆ ಅವು ಲುಪ್ತವಾಗುತ್ತಿದ್ದುವು.

ಅಲ್ಲಿ ರಾಜಕುಮಾರನು ಈ ಮಾತನ್ನು ತನ್ನನ್ನು ಇಂಗ್ಲೆಂಡಿಗೆ ಕರೆದೊಯ್ಯಲಿರುವ ಇಬ್ಬರು ಸಹಪಾಠಿಗಳ ವಿಷಯದಲ್ಲಿ ಆಡುವನು. ಆಮೇಲೆ ಅವನು ಅವರು ಒಯ್ಯುತ್ತಿದ್ದ ವಧಾಜ್ಞೆಯ ಓಲೆಯನ್ನು ಬದಲಿಸಿ, ಅವರಿಗೇ ಮರಣವನ್ನು ಬರೆಯುವನು. ಆದರೆ ಆ ಓಲೆಯನ್ನು ಬರೆಯಿಸಿದವನು ಅರಸ. ಅದರೊಳಗಣ ವಿಷಯವು ಅವರಿಗೆ ತಿಳಿದಿತ್ತೆಂದು ನಾಟಕವು ಎಲ್ಲಿಯೂ ಸ್ಪಷ್ಟಪಡಿಸದು. ಯಂತ್ರವನ್ನು ಹೊತ್ತವರು ಅವರು, ಹೂಡಿದವರಲ್ಲ. ತಾನು ಸಿದ್ಧಪಡಿಸಿದ ವಿಷವನ್ನೇ ಕುಡಿಯಬೇಕಾದ ಅರಸನಲ್ಲಿಯೂ, ತನ್ನ ವಿಷಲಿಪ್ತ ಖಡ್ಗದಿಂದಲೇ ಮಡಿದು ಅದು ನ್ಯಾಯವೆಂದು ಒಪ್ಪಿಕೊಂಡ ಲೇರ್ಟಿಸನಲ್ಲಿಯೂ ನುಡಿಯು ಪೂರ್ಣವಾಗಿ ಅನ್ವಯಿಸುವುದು. ಅದು ಮೊದಲು ಯಾರನ್ನು ಕುರಿತು ಹುಟ್ಟಿತೋ ಅವರಲ್ಲಿ ಮಾತ್ರ ಅನ್ವಯವು ಸಂದಿಗ್ಧ.

ಆದುದರಿಂದ ಇದನ್ನು ‘ಮಾಡಿದ್ದುಣ್ಣೋ ಮಾರಾಯ’ ಎಂದು ಅನುವಾದಿಸುವುದು ಅತಿವ್ಯಾಪ್ತಿಯಾಗುವುದು. ಆ ಗಾದೆಯು ಸಕಲ ಕರ್ಮಫಲವನ್ನೂ ಒಳಗೊಳ್ಳುವುದು. ಇಲ್ಲಿಯಾದರೋ ಸಾಧನವೂ ಶಿಕ್ಷೆಯೂ ಒಂದೇ ಆಗಿರಬೇಕು. ತಾನು ಪಡೆದ ವರದಿಂದಲೇ ಬೂದಿಯಾದ ಭಸ್ಮಾಸುರನ ಕಥೆ ಇದಕ್ಕೆ ಸಮೀಪ. ತೋಡಿದ ಗುಂಡಿಗೆ ತಾನೇ ಬೀಳುವುದೆಂಬ ಮಾತು ಯುಕ್ತವಾದ ಅನುವಾದ. ಆದರೆ ಗುಂಡಿಯನ್ನು ತೋಡಿದವನು ಯಾರೆಂದು ಮೊದಲು ವಿಚಾರಿಸಬೇಕು.